ಕೋಣೆಯಲ್ಲಿ ಸದಾ ಇಬ್ಬರು

ಅಹಮದಾಬಾದ್
2 ಮಾರ್ಚ್ 2025

ಪ್ರೀತಿಯ ಅಕ್ಕ,

ಪಾರ್ಸೆಲ್ಲಿನಲ್ಲಿ ಮೂರು ಥರ್ಮಾಮೀಟರ್ ಇವೆ. ಭಾವನ ಕಣ್ಣಿಗೆ ಬೀಳದಂತೆ ಇಡು, ಅವರು ಮೊದಲು ತಮ್ಮ ಜ್ವರ ನೋಡಿಕೊಳ್ಳುತ್ತಾರೆ. ಒಂದನ್ನು ನಿಮ್ಮ ಮಲಗುವ ಕೋಣೆಯ ಕಿಟಕಿಯ ಹೊರಗೆ ಕಟ್ಟು. ಬಿಸಿಲು ನೇರವಾಗಿ ಬೀಳಬಾರದು, ಹಳೆಯ ಬಿಸ್ಕತ್ತಿನ ಡಬ್ಬಿಯಿಂದ ಮರೆ ಮಾಡು. ಎರಡನೆಯದನ್ನು ಪಶ್ಚಿಮದ ಗೋಡೆಗೆ ಒಳಗಡೆಯಿಂದ, ನಿನ್ನ ಎದೆಯೆತ್ತರಕ್ಕೆ ಟೇಪು ಹಾಕಿ ಅಂಟಿಸು. ಮೂರನೆಯದು ಕೋಣೆಯ ನಡುವೆ ಇರಲಿ. ಬೆಳಿಗ್ಗೆ ಏಳು, ಮಧ್ಯಾಹ್ನ ಮೂರು, ರಾತ್ರಿ ಒಂಬತ್ತು ಗಂಟೆಗೆ ಮೂರನ್ನೂ ಓದಿ ಬರೆಯಬೇಕು. ಜೂನ್ ಹದಿನೈದರವರೆಗೆ ಒಂದು ದಿನವೂ ತಪ್ಪಬಾರದು.

ತಾನೇ ತಾನಾಗಿ ಬರೆದುಕೊಳ್ಳುವ ಯಂತ್ರಗಳಿವೆ. ಆದರೆ ನಮ್ಮ ವಿಭಾಗದಲ್ಲಿದ್ದ ಎಂಟೂ ಇಲ್ಲಿನ ಮನೆಗಳಿಗೇ ಮುಗಿದುಹೋದವು. ಸಮುದ್ರದ ಗಾಳಿ ತಾಗುವ ಊರಿನ ಒಂದು ಮನೆಯಾದರೂ ಇಲ್ಲದಿದ್ದರೆ ಪ್ರಬಂಧ ಕುಂಟುತ್ತದೆ ಎಂದು ನಮ್ಮ ಮಾರ್ಗದರ್ಶಕರು ಮಂಥನ್ ಸರ್ ಹೇಳಿದರು. ನನಗೆ ನಂಬಿಕೆಯಿರುವ ಯಂತ್ರ ಸೂರತ್ತಿನ ಕತಾರ್‌ಗಾಮ್‌ನಲ್ಲಿದೆ, ಅದರ ಹೆಸರು ಶಕುಂತಲಾ ಎಂದೆ. ಅವರು ನಕ್ಕು ಒಪ್ಪಿದರು. ಮೊಬೈಲಿನಲ್ಲಿ ಫೋಟೋ ಕಳಿಸಿದರೆ ಮಾತ್ರ ಒಪ್ಪುವುದಿಲ್ಲ. ಕೈಬರಹದ ಮೂಲ ಹಾಳೆ, ಕೆಳಗೆ ನಿನ್ನ ಸಹಿ, ಅಂಚೆಯಲ್ಲಿ ಬರಬೇಕು. ಜೊತೆಗೆ ಒಂದು ಕಾಗದ ಬರೆದರೆ ಅದು ನನಗೆ.

ಜೂನ್ ಮೂವತ್ತಕ್ಕೆ ಪ್ರಬಂಧ ಸಲ್ಲಿಸಬೇಕು. ನೀನು ಒಂಬತ್ತು ವರ್ಷದ ನನ್ನನ್ನು ಸೊಂಟಕ್ಕೆ ಅಂಟಿಸಿಕೊಂಡು ಮಗ್ಗಿ ಹೇಳಿಸಿದ್ದಕ್ಕೆ ಇದು ಕೊನೆಯ ಪರೀಕ್ಷೆ ಎಂದುಕೊ.

ನಿನ್ನ
ವಿಂಧ್ಯಾ

•

ಸೂರತ್
16 ಮಾರ್ಚ್ 2025

ವಿಂಧ್ಯಾ,

ಕ್ಷೇಮ ಕೇಳುವ ಜಾಗದಲ್ಲಿ ಥರ್ಮಾಮೀಟರ್ ಕಟ್ಟುವ ಎತ್ತರ ಬರೆದ ತಂಗಿ ಲೋಕದಲ್ಲಿ ನೀನೊಬ್ಬಳೇ ಇರಬೇಕು. ಆಗಲಿ, ಕಟ್ಟಿದ್ದೇನೆ. ಒಂದು ವಾರದ ಹಾಳೆ ಇದರ ಜೊತೆಗಿದೆ.

ನಿನ್ನ ಭಾವ ಬೆಳಿಗ್ಗೆ ಕಾಫಿ ಕುಡಿಯುತ್ತ, "ಏನೇ ಶಕ್ಕು, ಗೋಡೆಗೆ ನಮಸ್ಕಾರ ಹಾಕಿ ಬಂದ್ಯಾ?" ಎಂದು ಕೇಳುತ್ತಾರೆ. ಪಕ್ಕದ ಮನೆಯ ಇಂದಿರಾಬೆನ್ ನಾನು ಗೋಡೆಗೆ ಮುಖವಿಟ್ಟು ಪಾದರಸ ಓದುವುದನ್ನು ಕಂಡು, "ದೀವಾಲ್ ನೇ ತಾವ್ ಆವ್ಯೋ ಛೆ?" ಎಂದರು. ಗೋಡೆಗೆ ಜ್ವರ ಬಂದಿದೆಯೇ ಎಂದು. ಹೌದು, ದಿನಾ ಮೂರು ಹೊತ್ತು ನೋಡಬೇಕಂತೆ ಎಂದು ಗಂಭೀರವಾಗಿ ಹೇಳಿದೆ. ಈಗ ಅವರೂ ರಾತ್ರಿ ಒಂಬತ್ತಕ್ಕೆ ಬಂದು ಎಷ್ಟಿದೆ ಎಂದು ವಿಚಾರಿಸುತ್ತಾರೆ.

ನಾನೊಂದು ವಿಚಿತ್ರ ನೋಡಿದೆ. ಹೊರಗಿನ ಪಾದರಸ ಮಧ್ಯಾಹ್ನ ಮೂರಕ್ಕೆ ಏರಿ ಕೂತಿರುತ್ತದೆ. ಗೋಡೆಯದು ಆಗ ಏನೂ ಆಗದವರ ಹಾಗೆ ಇರುತ್ತದೆ. ಸೂರ್ಯ ಮುಳುಗಿ, ಎದುರಿನ ವಜ್ರ ಉಜ್ಜುವ ಕಾರ್ಖಾನೆಯವರೆಲ್ಲ ಮನೆಗೆ ಹೋದ ಮೇಲೆ, ರಾತ್ರಿ ಒಂಬತ್ತಕ್ಕೆ ಗೋಡೆ ಕಾಯುತ್ತದೆ. ಬೈದಾಗ ಸುಮ್ಮನಿದ್ದು ಊಟಕ್ಕೆ ಕೂತಾಗ ಮುಖ ಊದಿಸುತ್ತಿದ್ದ ನೀನೇ ನೆನಪಾದೆ. ಇದು ಯಾಕೆ ಹೀಗೆ? ಈ ಅಂಕಿಗಳಿಂದ ನೀನು ಏನು ಮಾಡುತ್ತೀಯ? ಹೈಸ್ಕೂಲಿನ ಗಣಿತದ ಟೀಚರಿಗೆ ತಿಳಿಯುವಷ್ಟು ಬರಿ.

ನಿಜ ಹೇಳಲಾ, ವಡೋದರಾ ಬಿಟ್ಟು ಇಲ್ಲಿಗೆ ವರ್ಗವಾಗಿ ಬಂದ ಮೇಲೆ ನನ್ನಿಂದ ಯಾರಿಗೂ ಏನೂ ಬೇಕಾಗಿರಲಿಲ್ಲ. ಈಗ ಗಡಿಯಾರ ನೋಡುವುದಕ್ಕೊಂದು ಕಾರಣ ಸಿಕ್ಕಿದೆ. ನನಗೆ ಬಹಳ ಸಂತೋಷವಾಗಿದೆ.

ಅಕ್ಕ

•

ಅಹಮದಾಬಾದ್
6 ಏಪ್ರಿಲ್ 2025

ಅಕ್ಕ,

ನಿನ್ನ ಹಾಳೆಗಳನ್ನು ನೋಡಿ ಮಂಥನ್ ಸರ್, ಯಂತ್ರಗಳಿಗಿಂತ ಇದೇ ಚೆನ್ನಾಗಿದೆ ಎಂದರು. ನಿನ್ನ ಪ್ರಶ್ನೆಗೆ ಉತ್ತರ ಬರೆಯಲು ಎರಡು ವಾರ ಹಿಡಿಯಿತು, ಟೀಚರಿಗೆ ಹೇಳುವುದೆಂದರೆ ಭಯ.

ನಿಮ್ಮ ಗೋಡೆ ಒಂದೇ ಗೋಡೆಯಲ್ಲ. ಹೊರಗೆ ಸಿಮೆಂಟ್ ಗಾರೆ, ನಡುವೆ ಒಂಬತ್ತಂಗುಲದ ಇಟ್ಟಿಗೆ, ಒಳಗೆ ಮತ್ತೆ ಗಾರೆ, ಅದರ ಮೇಲೆ ಮನೆ ಮಾಲೀಕರು ಅಂದಕ್ಕೆ ಹೊಡೆಸಿದ ಪಿಓಪಿ ಹಲಗೆ. ಶಾಖ ಒಂದೊಂದು ಪದರವನ್ನೂ ದಾಟಿ ಬರಬೇಕು. ಇದನ್ನು ಕಟ್ಟುನಿಟ್ಟಾಗಿ ಲೆಕ್ಕ ಹಾಕಬೇಕೆಂದರೆ ಗೋಡೆಯನ್ನು ಇಪ್ಪತ್ತು ಹೋಳು ಮಾಡಿ, ಪ್ರತಿ ಹೋಳಿಗೂ ಒಂದು ಸಮೀಕರಣ ಬರೆದು, ಕಂಪ್ಯೂಟರಿಗೆ ಕೊಡಬೇಕು. ಕತಾರ್‌ಗಾಮ್‌ನಲ್ಲೋ ವರಾಛಾದಲ್ಲೋ ಕಾರ್ಖಾನೆಯ ಮೇಲೆ ಕೆಲಸಗಾರರಿಗೆ ನಾಲ್ಕು ಕೋಣೆ ಕಟ್ಟುವ ಮೇಸ್ತ್ರಿ ಅದನ್ನೆಲ್ಲ ಎಲ್ಲಿ ಮಾಡುತ್ತಾನೆ? ಅದಕ್ಕೇ ನನ್ನ ಸರಳ ಮಾದರಿ. ಪದರಗಳನ್ನೆಲ್ಲ ಸೇರಿಸಿ ಗೋಡೆಯನ್ನು ನೀರಿನ ಒಂದು ಹಂಡೆ ಎಂದುಕೊ. ಹೊರಗಿನಿಂದ ಒಂದು ಸಣ್ಣ ನಲ್ಲಿ ತುಂಬಿಸುತ್ತದೆ, ಒಳಕ್ಕೆ ಇನ್ನೊಂದು ಸಣ್ಣ ನಲ್ಲಿ ಬಿಡುತ್ತದೆ. ಹಂಡೆ ತುಂಬಲು ಹೊತ್ತು ಬೇಕು. ರಾತ್ರಿ ಒಂಬತ್ತಕ್ಕೆ ನಿನಗೆ ಸಿಕ್ಕುವುದು ಮಧ್ಯಾಹ್ನ ತುಂಬಿದ್ದು.

ಲೆಕ್ಕವನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಗಂಟೆಗೊಮ್ಮೆ ಹೊರಗಿನ ತಾಪದಲ್ಲಿ ಗೋಡೆಯ ತಾಪ ಕಳೆದು, ಅದರ ಇಷ್ಟು ಪಾಲು ಗೋಡೆಗೆ ಕೂಡಿಸಬೇಕು. ಗೋಡೆಯದರಲ್ಲಿ ಕೋಣೆಯದು ಕಳೆದು, ಅದರ ಇಷ್ಟು ಪಾಲು ಕೋಣೆಗೆ ಬಿಡಬೇಕು. ಆ ದಿನದ ಗರಿಷ್ಠ, ಕನಿಷ್ಠ ತಾಪ ಗೊತ್ತಿದ್ದರೆ ಸಾಕು, ಉಳಿದದ್ದು ಪೆನ್ಸಿಲಿನ ಕೆಲಸ.

ಇನ್ನೊಂದು ಇದೆ. ಮನುಷ್ಯ ಸುಮ್ಮನೆ ಕೂತರೂ ಹಳೆಯ ಕಾಲದ ಒಂದು ದೊಡ್ಡ ಬಲ್ಬಿನಷ್ಟು ಶಾಖ ಕೊಡುತ್ತಾನೆ. ನಿಮ್ಮ ಕೋಣೆಯಲ್ಲಿ ಸದಾ ಇಬ್ಬರು ಎಂದು ಹಿಡಿದಿದ್ದೇನೆ. ಹಗಲು ಭಾವ ಆಫೀಸಿನಲ್ಲಿದ್ದರೆ ಅವರ ಬದಲಿಗೆ ನಿನ್ನ ಟಿವಿ ಇದೆ, ಇಸ್ತ್ರಿಪೆಟ್ಟಿಗೆ ಇದೆ. ಯಾರು ಯಾವಾಗ ಬಂದರು ಹೋದರು ಎಂದು ಬರೆಯುತ್ತ ಕೂತರೆ ಸರಳ ಹೇಗಾಗುತ್ತದೆ? ನೀನಂತೂ ಮನೆಯಲ್ಲಿ ಇದ್ದೇ ಇರುತ್ತೀಯ.

ವಿಂಧ್ಯಾ

•

ಸೂರತ್
27 ಏಪ್ರಿಲ್ 2025

ವಿಂಧ್ಯಾ,

ನಿನ್ನ ಹಂಡೆಯ ಲೆಕ್ಕವನ್ನು ನಾನೂ ಮಾಡಿದೆ. ಹಳೆಯ ಶಾಲೆಯ ನೋಟ್‌ಬುಕ್ ಒಂದು ಸಿಕ್ಕಿತು, ಅದರಲ್ಲೇ. ಎಷ್ಟು ವರ್ಷವಾಗಿತ್ತು ಹೀಗೆ ಕೂತು. ಅನ್ನ ತಳ ಹಿಡಿದದ್ದೂ ಗೊತ್ತಾಗಲಿಲ್ಲ. ನಿನ್ನ ಭಾವ ಬಂದು, "ಗೋಡೆ ಲೆಕ್ಕದಲ್ಲಿ ಸಾರಿಗೆ ಉಪ್ಪು ಹಾಕಿದ್ದು ಇದೆಯೇನೇ?" ಎಂದರು.

ಏಪ್ರಿಲ್ ಇಪ್ಪತ್ತರ ರಾತ್ರಿ ನಿನ್ನ ಲೆಕ್ಕದಂತೆ ಗೋಡೆ ಮೂವತ್ತಾರು ಇರಬೇಕಿತ್ತು. ಪಾದರಸ ಮೂವತ್ತೇಳು ಎಂದಿತು. ಇಪ್ಪತ್ತೊಂದಕ್ಕೆ ಅರ್ಧ ಡಿಗ್ರಿ ಕಡಿಮೆ. ಇದು ಒಳ್ಳೆಯದೇ, ಕೆಟ್ಟದ್ದೇ? ನಿನ್ನ ಪ್ರಬಂಧಕ್ಕೆ ತೊಂದರೆಯೇ? ಹಾಗಿದ್ದರೆ ಹೇಳು, ಪಾದರಸದ ಕಿವಿ ಹಿಂಡುತ್ತೇನೆ.

ಮೂರನೇ ಮಹಡಿ ಹತ್ತುವಾಗ ಈಚೆಗೆ ಮೆಟ್ಟಿಲು ಎಣಿಸುವ ಅಭ್ಯಾಸವಾಗಿದೆ. ಐವತ್ತನಾಲ್ಕು. ಹದಿನೆಂಟಕ್ಕೊಮ್ಮೆ ನಿಂತು ಇಂದಿರಾಬೆನ್ ಜೊತೆ ಹರಟುತ್ತೇನೆ. ಸೆಖೆ.

ನನ್ನ ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸುತ್ತಿಲ್ಲ, ಏನೋ ಕೆಟ್ಟಿದೆ. ಭಾನುವಾರ ಫೋನ್ ಮಾಡಬೇಡ. ಕಾಗದ ಬರಿ. ಹೇಗೂ ಬರೆಯುತ್ತಿದ್ದೇವಲ್ಲ, ಇದೇ ಚೆನ್ನಾಗಿದೆ.

ಅಕ್ಕ

•

ಸೂರತ್
21 ಮೇ 2025

ವಿಂಧ್ಯಾ,

ಮೇ ಒಂಬತ್ತರಿಂದ ಇಪ್ಪತ್ತರವರೆಗಿನ ಹಾಳೆ ಇದೆ. ಪೆನ್ಸಿಲಿನಲ್ಲಿ ಬರೆದದ್ದಕ್ಕೆ ಬೇಸರ ಮಾಡಬೇಡ. ಪೆನ್ನು ಕೈಕೊಟ್ಟಿತು.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಜೂನ್ ಮೂವತ್ತಕ್ಕೆ ಇನ್ನೆಷ್ಟು ಪುಟ ಉಳಿದಿದೆ? ಈ ಹಾಳೆ ನಿನಗೆ ಸಾಕಾಗುತ್ತದೆಯೇ ಎಂದಷ್ಟೇ ಬರೆದು ತಿಳಿಸು.

ಅಕ್ಕ

•

ಅಹಮದಾಬಾದ್
26 ಮೇ 2025

ಅಕ್ಕ,

ನಿನಗೆ ಇಲ್ಲಿಂದಲೇ ಸಾಷ್ಟಾಂಗ ನಮಸ್ಕಾರ.

ಮೇ ತಿಂಗಳ ಆ ಹನ್ನೆರಡು ದಿನ ಇದೆಯಲ್ಲ, ನನ್ನ ಲೆಕ್ಕಕ್ಕೂ ನಿನ್ನ ಗೋಡೆಗೂ ಎಲ್ಲೂ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿಲ್ಲ. ಇಲ್ಲಿನ ಎಂಟು ಮನೆಗಳಲ್ಲಿ ಯಂತ್ರ ಇಟ್ಟೂ ಇಷ್ಟು ಚೆನ್ನಾಗಿ ಕೂಡಿ ಬಂದಿರಲಿಲ್ಲ. ಎರಡು ಗೆರೆಗಳು ಒಂದರ ಮೇಲೊಂದು ಕೂತುಬಿಟ್ಟಿವೆ. ಹಾಸ್ಟೆಲಿನ ಹುಡುಗಿಯರನ್ನೆಲ್ಲ ಕರೆದು ತೋರಿಸಿದೆ. ಒಬ್ಬಳಿಗೂ ಅರ್ಥವಾಗಲಿಲ್ಲ, ಆದರೂ ಸಿಹಿ ಕೊಡಿಸಿದೆ. ಆ ಗೆರೆ ನೋಡುತ್ತ ಅಳು ಬಂತು ಕಣೇ. ಮೂರು ವರ್ಷ ಮಾಡಿದ್ದು ವ್ಯರ್ಥವಾಗಲಿಲ್ಲ ಎಂದು ಮೊದಲ ಸಲ ಅನ್ನಿಸಿತು.

ಮಾದರಿ ಸರಿಯೆಂದು ತೋರಿಸಲು ಸೂರತ್ತಿನ ಮನೆಯನ್ನೇ ಮುಖ್ಯ ಅಧ್ಯಾಯ ಮಾಡುತ್ತೇನೆ. ನಾಳೆ ಮಂಥನ್ ಸರ್‌ಗೆ ಕೊಡುತ್ತೇನೆ. ಪೆನ್ಸಿಲ್ ಮಾತ್ರ ಬೇಡ, ಅವರಿಗೆ ಅದು ಕಂಡರಾಗದು. ಮೆಟ್ಟಿಲು ಹತ್ತುವ ಮುಂಚೆ ಒಂದು ಲೋಟ ಮಜ್ಜಿಗೆ ಕುಡಿ, ಸೆಖೆಗೆ ಒಳ್ಳೆಯದು.

ನಿನ್ನ ಸುಖಿ ತಂಗಿ
ವಿಂಧ್ಯಾ

•

ಅಹಮದಾಬಾದ್
4 ಜೂನ್ 2025

ಅಕ್ಕ,

ನಿನ್ನೆ ಮಂಥನ್ ಸರ್ ಕರೆದರು. ಮುಂದೆ ನಿನ್ನ ಹಾಳೆ ಇಟ್ಟು, ಪಕ್ಕದಲ್ಲಿ ಹವಾಮಾನ ಇಲಾಖೆಯ ವರದಿ ಇಟ್ಟರು. ಮೇ ಹದಿನಾಲ್ಕರ ಮಧ್ಯಾಹ್ನ ಸೂರತ್ತಿನಲ್ಲಿ ಗಾಳಿ ಎದ್ದು ಒಂದೂವರೆ ಗಂಟೆ ಮಳೆ ಹೊಯ್ದಿದೆ. ಪಶ್ಚಿಮದ ಗೋಡೆ ನೆನೆದು ತಣ್ಣಗಾಗಿರಬೇಕು. ನಿನ್ನ ಹಾಳೆಯಲ್ಲಿ ಅಂದು ಮೂರಕ್ಕೆ ಹೊರಗೆ ನಲವತ್ತು, ರಾತ್ರಿ ಒಂಬತ್ತಕ್ಕೆ ಗೋಡೆ ಮೂವತ್ತೇಳೂವರೆ. ಒಂದು ಹನಿ ಬಿದ್ದ ಗುರುತೂ ಇಲ್ಲ. "ಇದು ಅಳೆದ ಅಂಕಿ ಅಲ್ಲ. ನಿನ್ನದೇ ಲೆಕ್ಕವನ್ನ ನಿನಗೇ ಯಾರೋ ವಾಪಸ್ ಕಳಿಸಿದ್ದಾರೆ" ಎಂದು ಅವರು ಹಿಂದಿಯಲ್ಲಿ, ದನಿಯೇರಿಸದೆ ಹೇಳಿದರು.

ನಾನು ಹಾಳೆಯನ್ನು ಮತ್ತೆ ನೋಡಿದೆ. ಹನ್ನೆರಡೂ ದಿನ ಹಾಗೆಯೇ. ನೀನು ಪಾದರಸ ಓದಲೇ ಇಲ್ಲ. ನಾನು ಕಲಿಸಿಕೊಟ್ಟ ಲೆಕ್ಕದಿಂದಲೇ ಅಂಕಿ ಹುಟ್ಟಿಸಿ ನನಗೆ ಕಳಿಸಿದ್ದೀಯ. ಸೂರತ್ತಿನಲ್ಲೇ ಇದ್ದವಳಿಗೆ ಮಳೆ ಬಂದದ್ದೂ ಗೊತ್ತಾಗಲಿಲ್ಲವೇ? ಒಣಹಾಕಿದ ಬಟ್ಟೆ ತೆಗೆಯಲಾದರೂ ಕಿಟಕಿಯ ಹತ್ತಿರ ಹೋಗಲಿಲ್ಲವೇ?

ಯಾಕೆ ಹೀಗೆ ಮಾಡಿದೆ? ವ್ಯತ್ಯಾಸ ಬಂದರೆ ನನಗೆ ಬೇಸರವಾಗುತ್ತದೆ ಎಂದೇ? ನನಗೆ ಬೇಕಾಗಿದ್ದದ್ದು ವ್ಯತ್ಯಾಸವೇ ಅಕ್ಕ. ಎಲ್ಲಿ ತಪ್ಪುತ್ತೇನೆ ಎಂದು ತಿಳಿಯಲೆಂದೇ ಅಳೆಯುವುದು. ನೀನು ಇನ್ನೂ ನನ್ನನ್ನು ಪೆಪ್ಪರಮಿಂಟು ಕೊಟ್ಟು ಸಮಾಧಾನ ಮಾಡಬೇಕಾದ ಮಗು ಎಂದುಕೊಂಡಿದ್ದೀಯ. ಸರ್ ಇಡೀ ಸೂರತ್ ಅಧ್ಯಾಯವನ್ನು ತೆಗೆಯಬೇಕಾಗಬಹುದು ಎಂದಿದ್ದಾರೆ. ಮೋಸ ಎಂಬ ಮಾತನ್ನು ಅವರು ಹೇಳಲಿಲ್ಲ. ನಾನು ಹೇಳುತ್ತಿದ್ದೇನೆ.

ನಿನ್ನನ್ನು ಯಂತ್ರ ಎಂದು ತಮಾಷೆ ಮಾಡಿದ್ದೆ. ಯಂತ್ರವಾಗಿದ್ದರೆ ಚೆನ್ನಾಗಿತ್ತು. ಇನ್ನು ಹಾಳೆ ಕಳಿಸಬೇಡ.

ವಿಂಧ್ಯಾ

•

ಸೂರತ್
9 ಜೂನ್ 2025

ವಿಂಧ್ಯಾ,

ನೀನು ಬರೆದದ್ದೆಲ್ಲ ಸರಿ. ಹನ್ನೆರಡು ದಿನ ನಾನು ಗೋಡೆ ನೋಡಲಿಲ್ಲ. ವಡೋದರಾಕ್ಕೆ ಹೋಗಿದ್ದೆ, ನಿನ್ನ ಭಾವನೂ ಜೊತೆಗಿದ್ದರು. ಹಳೆಯ ಶಾಲೆಯವರು, ಕೊಯಾಲಿ ರಸ್ತೆಯ ಹಳೆಯ ನೆರೆಯವರು, ಎಲ್ಲರನ್ನೂ ನೋಡಿದ ಹಾಗಾಯಿತು. ಒಂದು ದಿನವೂ ತಪ್ಪಬಾರದು ಎಂದು ನೀನು ಹೇಳಿದ್ದೆ. ತಪ್ಪಿತು ಎಂದು ಬರೆಯಲು ಮನಸ್ಸು ಬರಲಿಲ್ಲ. ಸೋಮಾರಿತನಕ್ಕೆ ಜಾಣತನ ಸೇರಿಸಿದೆ. ಪರೀಕ್ಷೆಯಲ್ಲಿ ಪಕ್ಕದವರ ಉತ್ತರ ಬರೆದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಈಗ ನೀನು ನನ್ನನ್ನು ನಿಲ್ಲಿಸು.

ನಿಮ್ಮ ಸರ್‌ಗೆ ಹೇಳು: ಆ ಹನ್ನೆರಡು ದಿನ ಹೊಡೆದುಹಾಕಲಿ. ಅದರ ಹಿಂದಿನದು, ಮುಂದಿನದು ಎಲ್ಲ ನನ್ನ ಕಣ್ಣಾರೆ ಓದಿದ್ದು. ಬೇಕಾದರೆ ಹಾಗೆಂದು ಬರೆದು ಸಹಿ ಮಾಡುತ್ತೇನೆ. ಅವರ ಮುಂದೆ ನಿನಗೆ ತಲೆ ತಗ್ಗಿಸುವ ಹಾಗಾಯಿತಲ್ಲ, ಅದು ನನಗೆ ನುಂಗಲಾಗುತ್ತಿಲ್ಲ.

ಕಳಿಸಬೇಡ ಎಂದೆ, ಕಳಿಸುವುದಿಲ್ಲ. ಆದರೆ ಬರೆಯುತ್ತಿದ್ದೇನೆ. ಹದಿನೈದರವರೆಗೆ ಎಂದು ಒಪ್ಪಿಕೊಂಡಿದ್ದೆನಲ್ಲ.

ಎರಡು ಸಾಲು ಉತ್ತರ ಬರಿ. ಬೈಗುಳವಾದರೂ ಆಗಲಿ, ಹದಿನಾಲ್ಕನೇ ತಾರೀಖಿನೊಳಗೆ ತಲುಪಿದರೆ ಒಳ್ಳೆಯದು. ಜುಲೈಯಲ್ಲಿ ಬಾ. ಬರುವಾಗ ಕೋಪವನ್ನು ಅಲ್ಲೇ ಬಿಟ್ಟು ಬಾ, ಇಲ್ಲಿ ಬೇಕಾದಷ್ಟು ಸೆಖೆಯಿದೆ.

ಅಕ್ಕ

•

ಸೂರತ್
20 ಜುಲೈ 2025

ವಿಂಧ್ಯಾ,

ಹಿಂದೆ ಎಂದೂ ನಿನಗೆ ಕಾಗದ ಬರೆದವನಲ್ಲ. ತಪ್ಪಿದ್ದರೆ ತಿದ್ದಿಕೊ.

ಜೂನ್ ಹದಿನೆಂಟರಂದು ವಡೋದರಾದ ಆಸ್ಪತ್ರೆಗೆ ನೀನು ಓಡಿ ಬಂದಾಗ ಎಲ್ಲ ಮುಗಿದಿತ್ತು. ವರಾಂಡದಲ್ಲಿ ನನ್ನನ್ನು ಒಂದೇ ಒಂದು ಕೇಳಿದೆ. "ಯಾಕೆ ಹೇಳ್ಲಿಲ್ಲ ಭಾವ?" ನಾನು ಬಾಯಿ ಬಿಡಲಿಲ್ಲ. ಆಮೇಲಿನ ಹದಿಮೂರು ದಿನವೂ ಬಿಡಲಿಲ್ಲ. ನೀನು ಹಾಗೇ ಬಸ್ಸು ಹತ್ತಿದೆ. ಈಗ ಹೇಳುತ್ತೇನೆ, ಮುಚ್ಚಿಟ್ಟದ್ದು ಸಾಕು.

ಚಿಕ್ಕಂದಿನಲ್ಲಿ ಕೀಲು ಹಿಡಿದು ಜ್ವರ ಬಂದಿತ್ತಲ್ಲ, ಅದು ಅವಳ ಹೃದಯದ ಕವಾಟವನ್ನು ಕೆಡಿಸಿತ್ತು. ಏಪ್ರಿಲ್ ಹೊತ್ತಿಗೆ ಮಾತಾಡಿದರೂ ಏದುಸಿರು. ಫೋನ್ ಕೆಟ್ಟಿರಲಿಲ್ಲ. ನಿನಗೆ ಉಸಿರು ಕೇಳಿಸಬಾರದೆಂದು ಹಾಗೆ ಬರೆದಳು. ಮೇ ಒಂಬತ್ತರ ಬೆಳಿಗ್ಗೆ ಶ್ವಾಸಕೋಶದಲ್ಲಿ ನೀರು ತುಂಬಿ, ಮೊದಲಿನಿಂದ ನೋಡುತ್ತಿದ್ದ ವಡೋದರಾದ ಡಾಕ್ಟರ ಹತ್ತಿರ ಒಯ್ದೆ. ಇಪ್ಪತ್ತೊಂದರ ಬೆಳಿಗ್ಗೆ ಬಿಟ್ಟರು. ಅಷ್ಟೂ ದಿನ ಸೂರತ್ತಿನ ಮನೆಗೆ ಬೀಗ ಹಾಕಿತ್ತು.

ಎರಡನೇ ದಿನವೇ ಆ ನೋಟ್‌ಬುಕ್ಕು, ಪೆನ್ಸಿಲ್ಲು ಕೇಳಿದಳು. ಮಲಗಿ ಬರೆದರೆ ಪೆನ್ನು ಓಡುವುದಿಲ್ಲ. ದಿನಾ ಪೇಪರ್ ತರಿಸಿ, ಸೂರತ್ತಿನ ಗರಿಷ್ಠ ಎಷ್ಟು, ಕನಿಷ್ಠ ಎಷ್ಟು ಎಂದು ಓದಿಸುವಳು. ನಾನು ಬೈದೆ. "ವಿಂಧ್ಯಾಗೆ ಹೇಳ್ತೀನಿ, ಸಾಕು ಈ ನಾಟಕ" ಎಂದೆ. ನನ್ನ ಕೈ ಹಿಡಿದುಕೊಂಡು, "ಅಮ್ಮ ಹೋದಾಗ ನನ್ನ ಎಂಎಸ್ಸಿ ಪರೀಕ್ಷೆ ಅಲ್ಲಿಗೇ ನಿಂತೋಯ್ತು. ಅವಳದ್ದೂ ಹಾಗಾಗ್ಬಾರ್ದು ಕಣ್ರೀ. ಜೂನ್ ಮೂವತ್ತು ಆಗ್ಲಿ, ಆಮೇಲೆ ನೀವೇ ಫೋನ್ ಮಾಡಿ" ಎಂದಳು. ನಾನು ಮಾತು ಕೊಟ್ಟೆ. ಅದು ನನ್ನ ತಪ್ಪು, ಅವಳದ್ದಲ್ಲ.

ಮೇ ಹದಿನೈದನೇ ತಾರೀಖು ಪೇಪರ್ ತರಲಿಲ್ಲ. ಹಿಂದಿನ ಮಧ್ಯಾಹ್ನವೇ ಅವಳನ್ನು ಐಸಿಯುಗೆ ಒಯ್ದಿದ್ದರು. ಹದಿನೇಳಕ್ಕೆ ಹೊರಗೆ ಬಂದವಳು, ತಪ್ಪಿದ ದಿನಗಳನ್ನು ಅಂದಾಜಿನಲ್ಲಿ ತುಂಬಿದಳು. ನಿಮ್ಮ ಸರ್ ಹಿಡಿದ ಮಳೆ, ಅವಳನ್ನು ಐಸಿಯುಗೆ ಒಯ್ದ ಆ ಹದಿನಾಲ್ಕರದ್ದು. ಸೂರತ್ತಿನಲ್ಲಿ ಮಳೆ ಬಂದದ್ದು ನಮ್ಮಿಬ್ಬರಿಗೂ ಗೊತ್ತೇ ಇರಲಿಲ್ಲ.

ನಿನ್ನ ಜೂನ್ ನಾಲ್ಕರ ಕಾಗದವನ್ನು ಅವಳು ಎರಡು ಸಲ ಓದಿದಳು. "ಎಷ್ಟು ಚೆನ್ನಾಗಿ ಬೈದಿದ್ದಾಳೆ ನೋಡ್ರೀ. ಈಗ ಯಾರಿಗೂ ಹೆದರೋದಿಲ್ಲ ಇವ್ಳು" ಎಂದು ನಕ್ಕಳು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ಎರಡೂ ನಿಜ. ಹದಿನೈದಕ್ಕೆ ಆಸ್ಪತ್ರೆಗೆ ಸೇರಬೇಕಿತ್ತು, ಹದಿನಾರಕ್ಕೆ ಆಪರೇಷನ್. ಹತ್ತರಿಂದ ಹದಿನಾಲ್ಕರವರೆಗೆ ದಿನವೂ ಐವತ್ತನಾಲ್ಕು ಮೆಟ್ಟಿಲು ಇಳಿದು ಅಂಚೆಯ ಡಬ್ಬ ನೋಡಿ ಬರುತ್ತಿದ್ದಳು. ನಾನು ನೋಡಿ ಬರುತ್ತೇನೆ ಎಂದರೆ ಬಿಡುತ್ತಿರಲಿಲ್ಲ.

ಮೇ ಇಪ್ಪತ್ತೊಂದರ ಮಧ್ಯಾಹ್ನದಿಂದ ಜೂನ್ ಹದಿನೈದರ ಬೆಳಿಗ್ಗೆ ಏಳರವರೆಗಿನ ಹಾಳೆ ಇದರ ಜೊತೆಗಿದೆ. ಇವು ನಿಜವಾಗಿ ಓದಿದ್ದು, ನಾನು ಸಾಕ್ಷಿ. ಕೊನೆಯದನ್ನು ಚಪ್ಪಲಿ ಮೆಟ್ಟಿಕೊಂಡು, ಆಟೋ ಕಾಯಿಸಿ ಬರೆದಳು.

ಒಂದು ಮಾತು ಕೇಳುವುದಿದೆ. ಜುಲೈ ಮೊದಲಿನಿಂದ ನಾನೂ ಬರೆಯುತ್ತಿದ್ದೇನೆ. ಏಳಕ್ಕೂ ಒಂಬತ್ತಕ್ಕೂ ಕಾಲು ತಾನಾಗಿ ಆ ಗೋಡೆಯ ಹತ್ತಿರ ಹೋಗುತ್ತದೆ. ಅವಳ ನೋಟ್‌ಬುಕ್ ನೋಡಿ ಲೆಕ್ಕವನ್ನೂ ಮಾಡಿದೆ. ವಿಮಾ ಕಚೇರಿಯವನು, ಕೂಡಿ ಕಳೆಯುವುದು ಬರುತ್ತದೆ. ಆದರೆ ದಿನವೂ ಕೋಣೆಯ ಪಾದರಸ ಲೆಕ್ಕಕ್ಕಿಂತ ಅರ್ಧ ಡಿಗ್ರಿ ಕಡಿಮೆ ತೋರಿಸುತ್ತಿದೆ. ಒಂದು ದಿನವೂ ಕೂಡಿ ಬರುತ್ತಿಲ್ಲ. ನಾನು ತಪ್ಪಾಗಿ ಓದುತ್ತಿದ್ದೇನೆಯೇ? ಥರ್ಮಾಮೀಟರ್ ಕೆಟ್ಟಿದೆಯೇ? ಬರೆದು ತಿಳಿಸು.

ಸೀತಾರಾಮ

•

ಅಹಮದಾಬಾದ್
3 ಆಗಸ್ಟ್ 2025

ಭಾವ,

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು.

ಅಕ್ಕನ ಜೂನ್ ಒಂಬತ್ತರ ಕಾಗದ ನನಗೆ ಹನ್ನೊಂದಕ್ಕೇ ತಲುಪಿತ್ತು. ವಡೋದರಾಕ್ಕೆ ಹೋಗಿದ್ದೆ, ಎಲ್ಲರನ್ನೂ ನೋಡಿದ ಹಾಗಾಯಿತು ಎಂದದ್ದನ್ನು ಓದಿ ಇನ್ನಷ್ಟು ಸಿಟ್ಟು ಬಂತು, ನಾನಿಲ್ಲಿ ನಿದ್ದೆಗೆಡುತ್ತಿದ್ದರೆ ಇವಳು ಊರು ಸುತ್ತಿದ್ದಾಳೆ ಎಂದು. ಎರಡು ದಿನಕ್ಕೆ ಕೋಪ ಇಳಿಯಿತು. ಆದರೂ ಬರೆಯಲಿಲ್ಲ. ಪ್ರಬಂಧ ಕೊಟ್ಟು ನೇರವಾಗಿ ಬಂದು, ಅವಳ ಮಡಿಲಲ್ಲಿ ತಲೆಯಿಟ್ಟರೆ ಮುಗಿಯಿತು ಎಂದುಕೊಂಡೆ. ಹದಿನಾಲ್ಕರೊಳಗೆ ಎಂದು ಅವಳು ಯಾಕೆ ಬರೆದಳು ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಎರಡು ಸಾಲು ಕೇಳಿದ್ದಳು ಭಾವ. ಎರಡೇ ಸಾಲು.

ಮೊನ್ನೆ ಮೇಜಿನ ಖಾನೆಯಲ್ಲಿ ಮೇ ತಿಂಗಳ ಆ ಲಕೋಟೆ ಸಿಕ್ಕಿತು. ಒಳಗಿನ ಕಾಗದದಲ್ಲಿ ಸೂರತ್ ಎಂದಿದೆ. ಮೇಲಿನ ಅಂಚೆಯ ಮುದ್ರೆ ವಡೋದರಾದ್ದು, ಅಚ್ಚುಕಟ್ಟಾಗಿ ಬಿದ್ದಿದೆ. ಅರ್ಧ ಡಿಗ್ರಿ ಹೆಚ್ಚುಕಡಿಮೆಯಾದರೆ ಕಂಡುಹಿಡಿಯುವವಳು ನಾನು, ಇದನ್ನು ನೋಡಲಿಲ್ಲ. ಪೆನ್ಸಿಲ್ ಕಂಡೆ, ಗದರಿಸಿದೆ. ಮೆಟ್ಟಿಲು ಎಣಿಸುತ್ತೇನೆ ಎಂದಳು, ಮಜ್ಜಿಗೆ ಕುಡಿ ಎಂದೆ. ನನ್ನನ್ನು ನಾನು ಕ್ಷಮಿಸಲಾರೆ. ನಿಮ್ಮ ಮೇಲೆ ಕೋಪವಿತ್ತು, ಈಗ ಇಲ್ಲ. ನೀವು ಅವಳಿಗೆ ಕೊಟ್ಟ ಮಾತು ಉಳಿಸಿಕೊಂಡಿರಿ.

ಜೂನ್ ಮೂವತ್ತಕ್ಕೆ ಪ್ರಬಂಧ ಕೊಡಲಾಗಲಿಲ್ಲ. ಯಾವುದಕ್ಕಾಗಿ ಅವಳು ಮುಚ್ಚಿಟ್ಟಳೋ ಅದೇ ಆಗಲಿಲ್ಲ. ಮಂಥನ್ ಸರ್‌ಗೆ ಎಲ್ಲ ಹೇಳಿದೆ. ಸಲ್ಲಿಸಲು ಮೂರು ತಿಂಗಳು ಹೆಚ್ಚು ಸಮಯ ಕೊಡಿಸಿದ್ದಾರೆ. ಸೂರತ್ ಅಧ್ಯಾಯ ಇರುತ್ತದೆ, ನಿಜವಾದ ದಿನಗಳಷ್ಟೇ. ಹನ್ನೆರಡು ಸಾಲು ಖಾಲಿ ಬಿಟ್ಟಿದ್ದೇನೆ. ಖಾಲಿ ಬಿಟ್ಟರೆ ಪಕ್ಕದ ಅಂಕಣದಲ್ಲಿ ಕಾರಣ ಬರೆಯಬೇಕೆಂಬ ನಿಯಮವಿದೆ. ಮನೆಯಲ್ಲಿ ಯಾರೂ ಇರಲಿಲ್ಲ ಎಂದು ಬರೆದೆ.

ಇನ್ನು ನಿಮ್ಮ ಪ್ರಶ್ನೆ. ನೀವು ತಪ್ಪಾಗಿ ಓದುತ್ತಿಲ್ಲ ಭಾವ. ಥರ್ಮಾಮೀಟರೂ ಕೆಟ್ಟಿಲ್ಲ. ತಪ್ಪು ನನ್ನ ಲೆಕ್ಕದಲ್ಲಿದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಅಕ್ಕ ನಕಲು ಮಾಡಿಕೊಂಡ ನನ್ನ ಸೂತ್ರದ ಕೆಳಗೆ, ಕೋಣೆಯಲ್ಲಿ ಸದಾ ಇಬ್ಬರು ಎಂದಿದೆ ನೋಡಿ. ಒಬ್ಬರ ಮೈಯ ಶಾಖ ಆ ಕೋಣೆಗೆ ಅರ್ಧ ಡಿಗ್ರಿಯಷ್ಟು. ಅವಳು ಮನೆಯಲ್ಲಿ ಇದ್ದೇ ಇರುತ್ತಾಳೆ ಎಂದುಕೊಂಡು, ಅದನ್ನು ಬದಲಾಯಿಸಬೇಕಾದೀತು ಎಂದು ನಾನು ಎಣಿಸಿರಲಿಲ್ಲ.

ಇಬ್ಬರು ಎಂದಿರುವಲ್ಲಿ ಒಬ್ಬರು ಎಂದು ಮಾಡಿಕೊಳ್ಳಿ. ಲೆಕ್ಕ ಕೂಡಿ ಬರುತ್ತದೆ.

ವಿಂಧ್ಯಾ